ಪಕ್ಕದ ಖೋಲಿಯ ತಾಯಿ

ಎಪ್ಪತ್ತರ ದಶಕದಲ್ಲಿ ಡೊಂಬಿವಲಿಯ ಚಾಳಿನಲ್ಲಿ ನಮ್ಮ ಪಕ್ಕದ ಖೋಲಿಯಲ್ಲಿದ್ದ ಮರಾಠಿ ಹುಡುಗಿಯನ್ನು ಮುದುಕರೂ ‘ತಾಯಿ’ ಎಂದೇ ಕರೆಯುತ್ತಿದ್ದರು. ಮರಾಠಿಯಲ್ಲಿ ಹಾಗೆಂದರೆ ಅಕ್ಕ. ವಿಜಾಪುರದಿಂದ ಮದುವೆಯಾಗಿ ಬಂದ ನನಗೆ ಅದು ತಿಳಿಯಲು ಕೆಲವು ದಿನ ಹಿಡಿಯಿತು. ಯಾರ ಮನೆಯಲ್ಲಿ ತೊಂದರೆಯಾದರೂ ಅವಳು ಸೆರಗು ಸಿಕ್ಕಿಸಿಕೊಂಡು, “ಮೀ ಆಹೇ ನಾ,” ನಾನಿದ್ದೇನಲ್ಲ, ಎನ್ನುತ್ತ ಒಳನುಗ್ಗುತ್ತಿದ್ದಳು.

ಗಂಡ ಕಾರ್ಖಾನೆಗೆ ಹೋಗಿದ್ದಾಗ ನನಗೆ ಹೆರಿಗೆ ನೋವು ಬಂತು. ಅವಳೇ ಟಾಂಗಾದಲ್ಲಿ ಆಸ್ಪತ್ರೆಗೆ ಕರೆದೊಯ್ದಳು. ನನ್ನ “ಯವ್ವಾ!” ಕೇಳಿದ ಉಡುಪಿ ಕಡೆಯ ನರ್ಸ್ ಅವಳನ್ನು ತಡೆದು ನನ್ನನ್ನು ಕನ್ನಡದಲ್ಲೇ ಕೇಳಿದಳು:

“ಜೊತೆಗೆ ತಾಯಿಯನ್ನು ಮಾತ್ರ ಒಳಗೆ ಬಿಡುವುದು ಮಾರಾಯ್ತಿ. ಇವರು ಯಾರು?”

“ತಾಯೀನ ರೀ,” ಎಂದೆ.

“ನಿಮಗಿಂತ ಚಿಕ್ಕವರಲ್ವಾ!”

ಕನ್ನಡ ಬಾರದ ಹುಡುಗಿಗೆ ತನ್ನ ಹೆಸರಷ್ಟೇ ಕೇಳಿಸಿತ್ತು. ಎದೆ ಮುಟ್ಟಿಕೊಂಡು, “ಮೀಚ್ ತಾಯಿ!” ನಾನೇ ತಾಯಿ, ಎಂದು ಜೋರಾಗಿ ತಲೆಯಾಡಿಸಿದಳು.

ನರ್ಸ್ ನಕ್ಕು ದಾರಿ ಬಿಟ್ಟಳು. ಮಗಳು ಹುಟ್ಟುವವರೆಗೂ ಆ ತಾಯಿ ನನ್ನ ಕೈ ಬಿಡಲಿಲ್ಲ.