ಬಲಕ್ಕೆ ಪೇಸ್ಟು, ಎಡಕ್ಕೆ ಉಮಿಕರಿ

ನಮ್ಮ ಸೋದರತ್ತೆ ಗಂಗಾಂಬಿಕೆಯ ಮದುವೆ ಹಲ್ಲು ಹಳದಿ ಎಂದು ಮುರಿಯಿತಂತೆ. ನರಸಿಂಹರಾಜಪುರದಲ್ಲಿ ಈಗಲೂ ಹಾಗೆ ಹೇಳುವವರಿದ್ದಾರೆ. ಅವರ ಬಾಯಿಗೆ ಮಣ್ಣು ಹಾಕ! ನಡೆದದ್ದನ್ನು ಅತ್ತೆಯಿಂದಲೇ ಕೇಳಿದವಳು ನಾನು.

ಸಾವಿರದ ಒಂಬೈನೂರ ಮೂವತ್ತೆಂಟನೇ ಇಸವಿ. ಅತ್ತೆಗೆ ಆಗ ಹತ್ತೊಂಬತ್ತು. ಕೊಪ್ಪದ ಅಡಿಕೆ ವ್ಯಾಪಾರಿ ರೇಣುಕಪ್ಪ ತನ್ನ ಮಗನಿಗೆ ಹೆಣ್ಣು ನೋಡಲು ಬಂದಿದ್ದ. ಹೊರಡುವಾಗ ಹುಡುಗ ಚಪ್ಪಲಿ ಮೆಟ್ಟುತ್ತ ಒಮ್ಮೆ ತಿರುಗಿ ನೋಡಿ ನಕ್ಕನಂತೆ. ಅಷ್ಟಕ್ಕೇ ಅವನು ಅತ್ತೆಯ ಮನಸ್ಸಿಗೆ ಬಂದುಬಿಟ್ಟ.

ವಾರ ಕಳೆದ ಮೇಲೆ ರೇಣುಕಪ್ಪ ಹಲ್ಲಿನ ಪೇಸ್ಟಿನ ಟ್ಯೂಬೊಂದನ್ನು ಕಳಿಸಿದ. ಹುಡುಗಿಯ ಹಲ್ಲು ಹಳದಿ, ಒಂದು ತಿಂಗಳು ಇದರಲ್ಲಿ ಉಜ್ಜಲಿ, ಬೆಳ್ಳಗಾದರೆ ಮಾತು ಮುಂದುವರಿಸೋಣ ಎಂದು ಹೇಳಿ ಕಳಿಸಿದ್ದ. ಹೇಳಿದವನ ಬಾಯಿ ನೋಡಬೇಕಿತ್ತು! ಹೊತ್ತಿಗೊಂದು ಸಲ ಎಲೆ ಅಡಿಕೆ ಜಗಿದು ಆ ಮಹಾರಾಯನ ಹಲ್ಲು ಕೆಂಪೋ ಕಪ್ಪೋ ಶಿವನಿಗೇ ಗೊತ್ತು. ಆದರೂ ಅಜ್ಜ ವೀರಪ್ಪನವರು ಒಳ್ಳೆಯ ಸಂಬಂಧ ಕೈತಪ್ಪೀತೆಂದು ಹೂಂ ಎಂದುಬಿಟ್ಟರು.

ಅತ್ತೆಗೆ ಮೈಯೆಲ್ಲ ಉರಿಯಿತು. ಬೇಡ ಎಂದರೆ ಹುಡುಗ ಹೋಗುತ್ತಾನೆ, ತೆಪ್ಪಗೆ ಉಜ್ಜಿದರೆ ಮರ್ಯಾದೆ ಹೋಗುತ್ತದೆ. ಈ ಪೇಸ್ಟು ಅದೇನು ಕಡಿದು ಕಟ್ಟೆ ಹಾಕುತ್ತದೋ ನೋಡಿಯೇ ಬಿಡೋಣ ಎಂದು ಮರುದಿನದಿಂದ ಬಲಗಡೆಯ ಹಲ್ಲಿಗೆ ಪೇಸ್ಟು, ಎಡಗಡೆಗೆ ಮನೆಯ ಉಮಿಕರಿ ಹಾಕಿ ಉಜ್ಜತೊಡಗಿದಳು. ಭತ್ತದ ಉಮಿ ಸುಟ್ಟು, ಉಪ್ಪು ಸೇರಿಸಿ ಅರೆದ ಆ ಕರಿಪುಡಿಯಲ್ಲೇ ಮನೆಮಂದಿಯೆಲ್ಲ ಹಲ್ಲುಜ್ಜುತ್ತಿದ್ದದ್ದು. ಒಂದು ದಿನವೂ ತಪ್ಪಲಿಲ್ಲ, ಒಂದು ದಿನವೂ ಬದಿ ಬದಲಾಗಲಿಲ್ಲ. ವಿಷಯ ಗೊತ್ತಿದ್ದದ್ದು ಅವಳ ಸೋದರಮಾವ ಲಿಂಗಪ್ಪನಿಗೆ ಮಾತ್ರ.

ತಿಂಗಳಾಯಿತು. ರೇಣುಕಪ್ಪ ಮಗನನ್ನೂ ಭಾವಮೈದನನ್ನೂ ಕರೆದುಕೊಂಡು ಬೆಳಿಗ್ಗೆಯೇ ಬಂದ. ಅತ್ತೆಯ ಬಾಯಿ ನೋಡಿದವನೇ, ನೋಡಿದಿರಾ, ಹೇಗೆ ಬೆಳ್ಳಗಾಗಿದೆ ಎಂದು ತಾನೇ ಬೆಳಗಿದವನ ಹಾಗೆ ಬೀಗಿದ.

“ನಿಮ್ಮ ಪೇಸ್ಟು ಅರ್ಧ ಬಾಯಿಗೆ ಮಾತ್ರ ಹಾಕಿದ್ದು ಯಜಮಾನ್ರೆ,” ಎಂದಳು ಅತ್ತೆ. “ಯಾವ ಅರ್ಧ ಅಂತ ನೀವೇ ಹೇಳಿ.”

ಅಜ್ಜನ ಮುಖ ಸುಣ್ಣವಾಯಿತು. ರೇಣುಕಪ್ಪನಾದರೋ ಅಡಿಕೆಯ ಬಣ್ಣವನ್ನು ಕಣ್ಣಲ್ಲೇ ಅಳೆಯುವವನೆಂದು ಹೆಸರಾದವನು, ಹಿಂದೆ ಸರಿಯುವ ಹಾಗಿಲ್ಲ. ಎಲ್ಲರೂ ಅಂಗಳದ ಬಿಸಿಲಿಗೆ ಬಂದರು. ಲಿಂಗಪ್ಪ ಹೆಗಲ ಟವೆಲನ್ನು ಕೈಮೇಲೆ ಹರಡಿದ. ಪಕ್ಕದವರಿಗೆ ತಿಳಿಯದಂತೆ ಬಟ್ಟೆಯ ಅಡಿಯಲ್ಲಿ ಬೆರಳು ಹಿಡಿದು ದರ ಹೇಳುವುದು ವ್ಯಾಪಾರಿಗಳ ರೂಢಿ. ಹಾಗೇ ಹೇಳಿ ಎಂದ. ಹುಡುಗಿಯ ಬಲಗಡೆ ಹೆಚ್ಚು ಬೆಳ್ಳಗಿದ್ದರೆ ಹೆಬ್ಬೆರಳು, ಎಡಗಡೆಯಾದರೆ ಕಿರುಬೆರಳು.

ಅತ್ತೆ ಹಲ್ಲು ಬಿಟ್ಟು ನಿಂತಳು. ರೇಣುಕಪ್ಪ ಬಗ್ಗಿ ನೋಡಿ, ಕಣ್ಣು ಕಿರಿದು ಮಾಡಿ, ಟವೆಲಿನೊಳಗೆ ಕೈ ಹಾಕಿ ತೆಗೆದ. ಭಾವಮೈದನೂ ಹಾಗೆಯೇ ಮಾಡಿದ. ಕೊನೆಗೆ ಹುಡುಗನ ಸರದಿ. ಅತ್ತೆ ಅವನನ್ನೇ ನೋಡುತ್ತಿದ್ದಳು. ಅವನು ಯಾವ ಬೆರಳು ಹಿಡಿದಿದ್ದರೂ ಸರಿ, ಎರಡೂ ಒಂದೇ ಎಂದಿದ್ದರಂತೂ ಅವನಿಗೆ ಜೀವವನ್ನೇ ಕೊಟ್ಟುಬಿಡುತ್ತಿದ್ದೆ ಎಂದು ನನ್ನ ಹತ್ತಿರ ಹೇಳಿದ್ದಾಳೆ. ಹುಡುಗ ಟವೆಲಿನೊಳಗೆ ಕೈ ಇಟ್ಟು, ಲಿಂಗಪ್ಪನ ಕಿವಿಯಲ್ಲಿ ಏನೋ ಪಿಸುಗುಟ್ಟಿದ.

“ಅಪ್ಪಯ್ಯ ಯಾವ ಬೆರಳು ಹಿಡಿದ್ರು ಅಂತ ಕೇಳ್ತಿದಾನೆ ಮಾರಾಯ,” ಎಂದು ಲಿಂಗಪ್ಪ ಎಲ್ಲರಿಗೂ ಕೇಳುವ ಹಾಗೆ ಹೇಳಿದ.

ರೇಣುಕಪ್ಪ ಹಿಡಿದದ್ದು ಕಿರುಬೆರಳು, ಭಾವಮೈದ ಹೆಬ್ಬೆರಳು. ಅದನ್ನೂ, ಪೇಸ್ಟು ಹಾಕಿದ್ದು ಬಲಗಡೆಗೆ ಎಂಬುದನ್ನೂ ಲಿಂಗಪ್ಪ ಮುಚ್ಚಿಡಲಿಲ್ಲ. ತಾನು ಕೊಟ್ಟ ಪೇಸ್ಟನ್ನು ಬಿಟ್ಟು ಉಮಿಕರಿಯನ್ನೇ ಮೆಚ್ಚಿದ ರೇಣುಕಪ್ಪ ಕೆಮ್ಮಿ, ಹಲ್ಲಿನ ಸುದ್ದಿ ಬಿಡಿ, ಹುಡುಗಿ ನಮಗೆ ಒಪ್ಪಿಗೆ ಎಂದ. ಅಜ್ಜ ಉಸಿರು ಬಿಟ್ಟರು.

ಅತ್ತೆಯ ಕಣ್ಣು ತುಂಬಿತ್ತು, ದನಿ ಮಾತ್ರ ನಡುಗಲಿಲ್ಲ.

“ನಂಗೆ ಒಪ್ಪಿಗೆ ಇಲ್ಲ ಯಜಮಾನ್ರೆ. ಕಣ್ಣೆದುರಿಗೆ ಇರೋದನ್ನ ಹೇಳೋಕೂ ನಿಮ್ಮ ಮಗ ನಿಮ್ಮನ್ನೇ ಕೇಳ್ತಾರೆ. ನಾಳೆ ನಿಮ್ಮನೇಲಿ ನನ್ನ ಪರವಾಗಿ ಒಂದು ಮಾತು ಬೇಕಾದ್ರೆ, ನಾನು ಯಾರನ್ನ ಕೇಳ್ಲಿ?”