ಖಾಲಾನ ಮನೆಯ ಕಮಾನು

ಆಳಂದದ ನಮ್ಮ ಕಡೆ ಗೋಡೆಯ ಮೇಲೆ ಕೆಂಪು ಗುರುತು ಬಿದ್ದರೆ ಅದಕ್ಕೆ ಒಂದೇ ಅರ್ಥ: ರಸ್ತೆ ಅಗಲವಾಗುತ್ತದೆ, ಗುರುತಿನ ತನಕ ಮನೆ ಹೋಗುತ್ತದೆ. ಯಂತ್ರ ಬಂದರೆ ಎಲ್ಲ ಪುಡಿಯಾಗುತ್ತದೆಂದು ಜನ ತಾವೇ ಮೊದಲು ಬಿಚ್ಚಿ, ಬಾಗಿಲು, ತೊಲೆ, ಕಲ್ಲು ಉಳಿಸಿಕೊಳ್ಳುತ್ತಾರೆ.

ನಮ್ಮ ಗಲ್ಲಿಗೆ ಸರ್ವೆಯವರು ಬಂದದ್ದು ಬೇರೆ ಕೆಲಸಕ್ಕೆ. ಹಳೆಯ ಮುಂಭಾಗ ಉಳಿಸಿಕೊಂಡ ಮನೆಗಳು ಹೆಚ್ಚಿದ್ದರೆ ಇಡೀ ಗಲ್ಲಿಯನ್ನು ಪಾರಂಪರಿಕ ಪ್ರದೇಶವೆಂದು ಘೋಷಿಸುತ್ತಾರೆ. ಮುಂದೆ ಯಾರೂ ಕೆಡವುವಂತಿಲ್ಲ. ನನಗೆ ಇದು ತಿಳಿದದ್ದು ತಡವಾಗಿ. ಅವರು ಉಳಿಸಬೇಕಾದ ಮನೆಗಳಿಗೆ ಗುರುತು ಹಾಕಿದರು, ಕೆಂಪು ಬಣ್ಣದಲ್ಲಿ. ಯಾರಿಗೂ ಏನೂ ಹೇಳದೆ ಹೋದರು.

ಎದುರುಮನೆಯ ಮುದುಕಿಯನ್ನು ನಾನು ಚಿಕ್ಕಂದಿನಿಂದ ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತೇನೆ. ಅವಳ ಬಾಗಿಲಿಗೆ ಗಿಣಿ ಕೆತ್ತಿದ ಕಲ್ಲಿನ ಕಮಾನು. ಅವಳು ಹೊರಗೆ ಬಂದು ಹಸಿ ಬಣ್ಣ ಮುಟ್ಟಿ ನೋಡಿದಳು.

"ನಮ್ಮ ಪಾಳಿನೂ ಬಂತು ಬೇಟಾ."

"ಯಾರನ್ನರ ಕೇಳೋಣ್ರಿ ಖಾಲಾ."

"ಬಜಾರದ ರಸ್ತೆ ಮಾಡುವಾಗ ಕೇಳಾಕ ಹೋದವ್ರು ಏನ್ ಉಳಿಸ್ಕೊಂಡ್ರು? ಕಲ್ಲೂ ಹೋದ್ವು."

ಆ ವಾರವೇ ಗಲ್ಲಿಯ ತುಂಬ ಸುತ್ತಿಗೆಯ ಸದ್ದು. ಜೇವರ್ಗಿ ಕಡೆಯ ಗೌಂಡಿಯೊಬ್ಬ ಖಾಲಾನ ಕಮಾನಿನ ಕಲ್ಲುಗಳನ್ನು ಒಂದೊಂದಾಗಿ ಇಳಿಸಿದ. ಅವಳು ಬಿಸಿಲಲ್ಲಿ ಪಕ್ಕದಲ್ಲೇ ನಿಂತಿದ್ದಳು.

"ಹಗೂರಕ ಲೇ! ಗಿಣಿ ಕೊಕ್ಕು ಮುರದಿ ಅಂದ್ರ ನಿನ್ನ ಮೂಗು ಮುರೀತೇನಿ."

"ಅದು ನನ್ನ ಲಗ್ನದ ಹಂದರ ಹಾಕುವಾಗೇ ಮುರದದ್ರಿ ಖಾಲಾ," ಎಂದೆ ನಾನು.

ಮಳೆಗಾಲ ಕಳೆದ ಮೇಲೆ, ಘೋಷಣೆಗೆ ಮುಂಚೆ ನೋಡಿಹೋಗಲು ಅಧಿಕಾರಿಯೊಬ್ಬರು ಬಂದರು. ಗಲ್ಲಿಯ ತುದಿಯಲ್ಲಿ ನಿಂತು ಎರಡೂ ಬದಿ ನೋಡಿದರು. ತಗಡು, ಹಸಿ ಸಿಮೆಂಟು, ಷಟರ್. ಗುರುತು ಬೀಳದ ಹೊಸ ಮನೆಗಳು ಮಾತ್ರ ಇದ್ದ ಹಾಗೇ ಇದ್ದವು. ನಡೆದದ್ದನ್ನು ನಾನೇ ಹೇಳಿದೆ.

"ಅವು ಉಳಿಸೋ ಮನಿ ಇದ್ವಲ್ರಿ," ಎಂದರು ಅವರು.

ಖಾಲಾ ಕೇಳಿಸಿಕೊಂಡಳು. ಅವರನ್ನು ಹಿತ್ತಲಿಗೆ ಕರೆದೊಯ್ದು, ಕಲ್ಲಿನ ಮೇಲೆ ಹೊದಿಸಿದ್ದ ಗೋಣಿತಾಟು ಎತ್ತಿದಳು.

"ಎಲ್ಲಾ ಅದಾವ್ರಿ ಸಾಹೇಬ್ರ. ಒಂದೂ ಒಡದಿಲ್ಲ. ನಾಳೇನೇ ಮತ್ತ ಕಟ್ಟಸ್ತೇನಿ. ಆಗ ನಡೀತದಲ್ರಿ?"

ಅವರು ಕಲ್ಲು ನೋಡಿದರು, ಅವಳನ್ನು ನೋಡಲಿಲ್ಲ.

"ನಿಮ್ಮದೊಂದೇ ಮನಿ ಇಟ್ಕೊಂಡು ಏನ್ ಮಾಡೂದ್ರಿ ಅಮ್ಮಾ? ಗಲ್ಲಿಗೆ ಗಲ್ಲೀನೇ ಹೋಗ್ಯದ."

ನಮ್ಮ ಗಲ್ಲಿಯನ್ನು ಕೈಬಿಟ್ಟರು. ಕೆಲವು ದಿನಗಳಾದ ಮೇಲೆ ಅಫಜಲಪುರದಿಂದ ಒಬ್ಬರು ಕಲ್ಲು ಕೇಳಿಕೊಂಡು ಬಂದರು.

"ಕಮಾನ್ ಕಟ್ಟಸ್ತೀರೇನ್ರಿ?" ಎಂದಳು ಖಾಲಾ.

"ಇಲ್ರಿ, ಬುನಾದಿಗೆ ಬೇಕಾಗ್ಯಾವ."

ಅವಳು ಗೋಣಿತಾಟು ಸರಿಸಿದಳು. "ಒಯ್ರಿ," ಎಂದು ಒಳಗೆ ಹೋದಳು. ಟ್ರ್ಯಾಕ್ಟರ್ ಹೊರಡುವವರೆಗೂ ಹೊರಗೆ ಬರಲಿಲ್ಲ.