ಮಚ್ಚಿ ಅಲ್ರೀ, ಹಚ್ಚಿ

ಹಗರಿಬೊಮ್ಮನಹಳ್ಳಿಯ ನನ್ನ ಕ್ಲಿನಿಕ್ಕಿಗೆ ಗುಡೇಕೋಟೆಯಿಂದ ಬಂದ ಹೆಂಗಸು, "ಮಕದಾಗಿನ ಮಚ್ಚಿ ತಗೀರಿ, ಡಾಕ್ಟ್ರ" ಅಂದರು. ಕೆನ್ನೆಗೊಂದು, ಗದ್ದಕ್ಕೊಂದು ಕಪ್ಪು ಚುಕ್ಕಿ. ಅಪಾಯದವೇನಲ್ಲ ಎಂದು ಹೇಳಿ, ಮುಂದಿನ ವಾರ ಬರಲು ತಿಳಿಸಿದೆ. ಯಾವ ಲೇಸರಿನಿಂದ ಕಲೆ ಕಡಿಮೆ ಎಂದು ವಾರವಿಡೀ ಓದಿ, ಕೆನ್ನೆಗೆ ಒಂದು, ಗದ್ದಕ್ಕೆ ಇನ್ನೊಂದು ಎಂದು ನಾನೇ ತೀರ್ಮಾನಿಸಿದೆ.

ಅವರು ಬಂದಾಗ ಕಣ್ಣಿಗೆ ಪಟ್ಟಿ ಕಟ್ಟಿ ಕೆನ್ನೆಯದನ್ನು ಮುಗಿಸಿದೆ. ಯಂತ್ರ ಬದಲಿಸಿ ಗದ್ದ ಹಿಡಿದೆ. ನನ್ನ ಕಾಲು ಲೇಸರ್ ಹೊಡೆಯುವ ಪೆಡಲ್ ಮೇಲಿತ್ತು.

"ಅಲ್ಯಾಕ ಹಿಡಿದ್ರಿ?" ಅವರು ಕೇಳಿದರು.

"ಇನ್ನೊಂದು ಮಚ್ಚಿ ಐತಲ್ಲಮ್ಮ."

"ಅಯ್ಯ, ಅದು ಮಚ್ಚಿ ಅಲ್ರೀ, ಹಚ್ಚಿ! ಸಣ್ಣಾಕಿದ್ದಾಗ ನಮ್ಮವ್ವ ತೊಡಿ ಮ್ಯಾಲೆ ಕುಂದ್ರಿಸ್ಕೊಂಡು ಹಾಕ್ಸ್ಯಾಳ. ಈಗ ಅವ್ವ ಇಲ್ಲ, ಅದೊಂದೈತಿ."

ಕಾಲು ತಾನಾಗಿ ಹಿಂದೆ ಸರಿಯಿತು.

ಎರಡು ಲೇಸರ್‌ಗಳನ್ನು ವಾರವಿಡೀ ಹೋಲಿಸಿದ್ದೆ. ಎರಡು ಚುಕ್ಕಿಗಳನ್ನು ಹೋಲಿಸಿ ನೋಡುವುದೊಂದು ಬಾಕಿ ಉಳಿದಿತ್ತು.